ತಡವಾಗಿ ಬೆಳಗಾಗುವ ಗ್ರಹ

ನಮ್ಮ ಮನೆಯ ಅಂತರಿಕ್ಷ ನೌಕೆ ಎಡಕ್ಕೆ ಎಳೆಯುತ್ತದೆ. ನೇರ ಹೋಗು ಎಂದರೆ ಎಡಕ್ಕೆ ವಾಲುತ್ತದೆ, ಬಲಕ್ಕೆ ತಿರುಗು ಎಂದರೆ ಒಲ್ಲದ ಮನಸ್ಸಿನಿಂದ ನೇರ ಹೋಗುತ್ತದೆ. ಇದಕ್ಕೆ ಯಾವ ನಕ್ಷತ್ರದ ಸೆಳೆತವೂ ಕಾರಣವಲ್ಲ. ನನ್ನ ಹೆಂಡತಿ ಶಾಂತಾಳ ದೈವಭಕ್ತಿ ಕಾರಣ.

ಗಾಬರಿಯಾಗಬೇಡಿ, ನೌಕೆ ಟೀವಿಯೊಳಗಿನದು. ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವನು. ಮನೆ ರಾಯಚೂರಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಐವತ್ತು ದಾಟಿದ ಮೇಷ್ಟ್ರುಗಳಿಗೆ ಬರುವ ಚಟಗಳು ನಿಮಗೆ ಗೊತ್ತೇ ಇವೆ. ಒಬ್ಬರು ಸೈಟು ನೋಡುತ್ತಾ ತಿರುಗುತ್ತಾರೆ, ಇನ್ನೊಬ್ಬರು ಕಂಡವರ ಮಕ್ಕಳಿಗೆ ಹೆಣ್ಣು ನೋಡುತ್ತಾರೆ, ಮತ್ತೊಬ್ಬರು ಬೆಳಿಗ್ಗೆ ಎದ್ದು ಬಿಸಿನೀರಿಗೆ ಜೇನುತುಪ್ಪ ಹಾಕಿ ಕುಡಿದು, ಅದರ ಮಹಿಮೆಯನ್ನು ಸಂಜೆಯವರೆಗೆ ಸ್ಟಾಫ್ ರೂಮಿನಲ್ಲಿ ಸಾರುತ್ತಾರೆ. ನನಗೆ ಗಂಟುಬಿದ್ದದ್ದು ವಿಡಿಯೋ ಗೇಮು. ಅದೂ ಆಕಾಶದಲ್ಲಿ ಗ್ರಹದಿಂದ ಗ್ರಹಕ್ಕೆ ಅಲೆಯುವ ಗೇಮು. ಹೊರಗೆ ಯಾರಾದರೂ ಕೇಳಿದರೆ ‘ಪಾಠಕ್ಕೆ ಉಪಯೋಗ ಆಗುತ್ತದೆ’ ಎನ್ನುತ್ತೇನೆ. ನಿಮ್ಮ ಹತ್ತಿರ ಸುಳ್ಳು ಯಾಕೆ, ಪಾಠಕ್ಕೆ ಅದು ಒಂದು ದಿನವೂ ಉಪಯೋಗವಾಗಿಲ್ಲ.

ಆಟವಾಡುವಾಗ ಎರಡೂ ಕೈಯಲ್ಲಿ ಹಿಡಿದುಕೊಳ್ಳುವ ಒಂದು ಸಾಧನ ಇರುತ್ತದಲ್ಲ, ಅದಕ್ಕೆ ನಮ್ಮ ಮನೆಯಲ್ಲಿ ರಿಮೋಟು ಎನ್ನುತ್ತೇವೆ. ಮಹಾನವಮಿಯ ದಿನ ಆಯುಧಪೂಜೆ. ನಮ್ಮ ಶಾಂತಾಳ ಪ್ರಕಾರ ಕೈಯಲ್ಲಿ ಹಿಡಿದು ಏನು ಮಾಡಿದರೂ ಅದು ಆಯುಧವೇ. ಹಾಗಾಗಿ ಸ್ಕೂಟರು, ಹೊಲಿಗೆ ಮಷೀನು, ಮಿಕ್ಸಿ, ಈಳಿಗೆ, ನನ್ನ ಕೆಂಪು ಪೆನ್ನು, ಎಲ್ಲಕ್ಕೂ ಸಾಲಾಗಿ ಪೂಜೆ. ಒಂದು ವರ್ಷ ರಿಮೋಟೂ ಸಾಲಿಗೆ ಸೇರಿತು. ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವು. ಅಲ್ಲಿಗೆ ನಿಲ್ಲಿಸಿದ್ದರೆ ಒರೆಸಿಕೊಂಡು ಸುಮ್ಮನಾಗಬಹುದಿತ್ತು. ಅವಳು ತೆಂಗಿನಕಾಯಿ ಒಡೆದು ಅದರ ನೀರನ್ನು ಸ್ಕೂಟರಿಗೆ ಚಿಮುಕಿಸಿದಂತೆಯೇ ರಿಮೋಟಿಗೂ ಧಾರಾಳವಾಗಿ ಚಿಮುಕಿಸಿದಳು. ವಿಭೂತಿ ಮತ್ತು ಕಾಯಿನೀರು ಸೇರಿ ಎಡಗಡೆಯ ಗುಂಡಿಯ ಒಳಗೆ ಗಾರೆಯಂತೆ ಗಟ್ಟಿಯಾಯಿತು.

ರಿಪೇರಿಗೆ ಒಯ್ದೆ. ಅಂಗಡಿಯವನು ರಿಮೋಟನ್ನು ಬಿಚ್ಚಿ, ಮೂಗಿನ ಹತ್ತಿರ ಹಿಡಿದು ನೋಡಿ, ಹಾಗೇ ಮುಚ್ಚಿ ವಾಪಸು ಕೊಟ್ಟ.

“ಸರ, ನೀರು ಹೋಗಿದ್ರ ಒಣಗಸ್ತಿದ್ದೆ. ಇದರಾಗ ಪ್ರಸಾದ ಹೋಗ್ಯಾದ. ನಾ ಕೈ ಹಚ್ಚಂಗಿಲ್ಲ.”

ಅಂದಿನಿಂದ ನನ್ನ ನೌಕೆಗೆ ಎಡವೇ ಗತಿ. ಯಾವುದೇ ಗ್ರಹದಲ್ಲಿ ಇಳಿಯಬೇಕಾದರೆ ಅದನ್ನು ಎಡಗಡೆಯಿಂದ ಸುತ್ತುತ್ತಾ ಸುತ್ತುತ್ತಾ ಇಳಿಯಬೇಕು. ಬೇರೆಯವರು ಎರಡು ನಿಮಿಷದಲ್ಲಿ ಇಳಿಯುವಲ್ಲಿ ನನಗೆ ಅರ್ಧ ತಾಸು ಹಿಡಿಯುತ್ತದೆ. ನಡುವೆ ಕೈ ಬಿಟ್ಟರೆ ನೌಕೆ ದಬಕ್ಕನೆ ಬೀಳುತ್ತದೆ, ಅದರೊಳಗೆ ಇಷ್ಟು ದಿನ ಕೂಡಿಸಿಟ್ಟದ್ದೆಲ್ಲ ಹಾಳಾಗುತ್ತದೆ. ಮನೆಯಲ್ಲಿ ಇದು ನಗುವ ಸಂಗತಿಯಾಗಿಯೇ ಇತ್ತು, ಇದರಿಂದ ಒಡಹುಟ್ಟಿದ ಅಕ್ಕ ನನ್ನ ಜೊತೆ ಮಾತು ಬಿಡುವವರೆಗೆ.

ಅಕ್ಕನ ಹೆಸರು ನೀಲಮ್ಮ. ದೇವದುರ್ಗದಲ್ಲಿರುತ್ತಾಳೆ, ಭಾವನದು ಅಲ್ಲಿ ಒಂದು ಸಣ್ಣ ರೈಸ್ ಮಿಲ್ಲು. ನನಗಿಂತ ಆರು ವರ್ಷ ದೊಡ್ಡವಳು. ಆದರೆ ಬೈಯುವ ವಿಷಯದಲ್ಲಿ ಅರವತ್ತು ವರ್ಷ ದೊಡ್ಡವಳು. ನಮ್ಮೂರು ಮಲ್ಲಟ. ನಾವು ಚಿಕ್ಕವರಿದ್ದಾಗ ಅಂಗಳದಲ್ಲಿ ಎತ್ತು ಬಿಚ್ಚಿದ ಬಂಡಿಯನ್ನು ಮೂಕಿ ಮೇಲೆ ಮಾಡಿ ನಿಲ್ಲಿಸುತ್ತಿದ್ದರು. ನೊಗ ಆಕಾಶ ನೋಡುತ್ತಾ ನಿಂತಿರುತ್ತಿತ್ತು. ಅದೇ ನಮ್ಮ ರಾಕೆಟ್ಟು. ಅಕ್ಕ ಮೇಲೆ ಹತ್ತಿ ನೊಗ ಹಿಡಿದು ಕೂರುತ್ತಿದ್ದಳು, ನಾನು ಕೆಳಗೆ ಗಾಲಿಯ ಹತ್ತಿರ. ನನ್ನ ಕೆಲಸ ಬಾಯಲ್ಲಿ ‘ಬುರ್ರ್’ ಎಂದು ಸದ್ದು ಮಾಡುವುದು. ಚಂದ್ರಲೋಕ ಮುಟ್ಟುವವರೆಗೂ ಸದ್ದು ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ ರಾಕೆಟ್ಟು ಬೀಳುತ್ತದೆಂದು ಅಕ್ಕ ಹೆದರಿಸಿದ್ದಳು. ತುಟಿ ನೋಯುತ್ತಿತ್ತು. ಕೊನೆಗೆ ಇಳಿಯುವ ಹೊತ್ತಿಗೆ ಅಕ್ಕ ಕೆಳಗೆ ನೋಡಿ ಜೋರಾಗಿ ಕೂಗುತ್ತಿದ್ದಳು:

“ಯಾರದ್ರೀ ಹೊಲ? ಇಳೀಬಹುದೇನ್ರೀ?”

“ಚಂದ್ರನ ಮ್ಯಾಲ ಯಾರ ಹೊಲ ಇರತದಕ್ಕ?” ಅಂದರೆ, “ಇದ್ರ ಏನ್ ಮಾಡ್ತಿ? ಕೇಳದಾ ಇಳದ್ರ ಬೈತಾರ” ಎನ್ನುತ್ತಿದ್ದಳು. ಹತ್ತಿ ಹೊಲದ ನಡುವೆ ಕಾಲಿಟ್ಟು ಬೈಸಿಕೊಂಡ ಅನುಭವ ನಮಗೆ ಬೇಕಾದಷ್ಟಿತ್ತು.

ಮುಂದೆ ನಾನು ರಾಯಚೂರಿಗೆ ಕಾಲೇಜಿಗೆ ಬಂದಾಗ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ವಿಡಿಯೋ ಗೇಮಿನ ಅಂಗಡಿ ಇತ್ತು. ಒಳಗೆ ಕತ್ತಲು, ಬೀಡಿ ವಾಸನೆ, ಆಳೆತ್ತರದ ಪೆಟ್ಟಿಗೆಗಳು. ಅಲ್ಲಿಯೂ ಆಕಾಶದ ಆಟವೊಂದಿತ್ತು. ಆಸೆಯಿಂದ ಹೋದೆ. ಮೇಲಿನಿಂದ ವಿಚಿತ್ರ ಪ್ರಾಣಿಗಳು ಸಾಲು ಹಿಡಿದು ಇಳಿದು ಬರುತ್ತಿದ್ದವು, ಕೆಳಗಿನಿಂದ ನಾವು ಗುಂಡು ಹೊಡೆಯಬೇಕು, ಅಷ್ಟೇ. ಅವು ಎಲ್ಲಿಂದ ಬಂದವು, ಯಾಕೆ ಬಂದವು, ಉಂಡು ಬಂದಿವೆಯೋ ಉಪವಾಸ ಬಂದಿವೆಯೋ ಕೇಳುವವರಿಲ್ಲ. ಅಷ್ಟು ದೂರದಿಂದ ಬಂದವರಿಗೆ ಒಂದು ಚರಿಗೆ ನೀರು ಕೊಡದೆ ಗುಂಡು ಹೊಡೆಯುವುದು ನನಗೆ ಸರಿಕಾಣಲಿಲ್ಲ. ಮೂರೇ ದಿನಕ್ಕೆ ಬಿಟ್ಟೆ. ಆಮೇಲೆ ಮೂವತ್ತು ವರ್ಷ ಆಕಾಶವೆಂದರೆ ನನಗೆ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಎಂಟು ಉಂಡೆಗಳಾಗಿಯೇ ಉಳಿಯಿತು. ಮೊದಲು ಒಂಬತ್ತು ಬರೆಯುತ್ತಿದ್ದೆ, ಮೇಲಿನವರು ಒಂದನ್ನು ಕಡಿಮೆ ಮಾಡಿದರು.

ಆ ಉಂಡೆಗಳ ಮೇಲೆ ನನ್ನನ್ನು ಇಳಿಸಿದವಳು ಅಕ್ಕನ ಮಗಳು ಪಲ್ಲವಿ. ಯರಗೇರಾದ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದಲು ಬಂದವಳು ಎರಡು ವರ್ಷ ನಮ್ಮ ಮನೆಯಲ್ಲಿಯೇ ಇದ್ದಳು. ಬರುವಾಗ ಹಾಸಿಗೆ ಸುರುಳಿಯ ಜೊತೆಗೆ ಗೇಮಿನ ಪೆಟ್ಟಿಗೆಯನ್ನೂ ತಂದಿದ್ದಳು. ಮೊದಲು ಅವಳು ನನಗೆ ಕೊಟ್ಟದ್ದು ರಾಕೆಟ್ಟು ಕಟ್ಟುವ ಆಟ. ನಾವೇ ಟ್ಯಾಂಕು ಜೋಡಿಸಿ, ಎಂಜಿನ್ನು ಸಿಕ್ಕಿಸಿ ಹಾರಿಸಬೇಕು. ನಾನು ವಿಜ್ಞಾನದ ಮೇಷ್ಟ್ರು ನೋಡಿ, ಬಹಳ ಧೈರ್ಯದಿಂದ ಕೂತೆ. ನನ್ನ ಮೊದಲ ರಾಕೆಟ್ಟು ಎದ್ದು ನಿಂತಲ್ಲೇ ಮಲಗಿತು. ಎರಡನೆಯದು ಸ್ವಲ್ಪ ಮೇಲೇರಿ, ಏನೋ ಮರೆತುಬಂದಂತೆ ವಾಪಸು ತಿರುಗಿತು. ಹದಿನಾಲ್ಕನೆಯದು ಹೋಯಿತು. ಹೋದದ್ದು ಹೋಯಿತೇ, ಇವತ್ತಿಗೂ ಬಂದಿಲ್ಲ. ಒಳಗೆ ಕೂತಿದ್ದ ಪುಟ್ಟ ಮನುಷ್ಯನ ನೆನಪಾದಾಗ ಈಗಲೂ ಅನ್ನ ಸೇರುವುದಿಲ್ಲ.

“ಮಾವ, ನಿಮಗ ಕಟ್ಟೋದು ಬ್ಯಾಡ. ತಿರುಗಾಡೋದು ಕೊಡ್ತೀನಿ ತಡೀರಿ,” ಎಂದು ಪಲ್ಲವಿ ಈ ಇನ್ನೊಂದು ಆಟ ಹಾಕಿಕೊಟ್ಟಳು.

ಇದರಲ್ಲಿ ಎಣಿಸಲಾಗದಷ್ಟು ನಕ್ಷತ್ರ, ಒಂದೊಂದಕ್ಕೂ ಗ್ರಹಗಳು. ಯುದ್ಧ ಬೇಕಿಲ್ಲ, ಗೆಲ್ಲುವುದು ಬೇಕಿಲ್ಲ. ಹೋಗುವುದು, ಇಳಿಯುವುದು, ನಡೆದಾಡಿ ನೋಡುವುದು, ಬೇಕೆನಿಸಿದರೆ ಒಂದು ಮನೆ ಕಟ್ಟುವುದು. ಯಾರೂ ಮುಟ್ಟದ ಗ್ರಹವನ್ನು ನೀವು ಮೊದಲು ಮುಟ್ಟಿದರೆ ಅದಕ್ಕೆ ಹೆಸರಿಡುವ ಹಕ್ಕು ನಿಮ್ಮದು. ಆಮೇಲೆ ಬಂದವರಿಗೆಲ್ಲ ಆ ಹೆಸರೇ ಕಾಣುತ್ತದೆ, ಕೆಳಗೆ ‘ಇಲ್ಲಿಗೆ ಮೊದಲು ಬಂದವರು’ ಎಂದು ನಿಮ್ಮ ಹೆಸರೂ ಇರುತ್ತದೆ. ನಾನು ಮೊದಲ ಸಲ ಬಳೆಯಿರುವ ಗ್ರಹವೊಂದರ ಮೇಲೆ ಇಳಿದು ತಲೆಯೆತ್ತಿದಾಗ, ಬಳೆ ಈ ತುದಿಯಿಂದ ಆ ತುದಿಯವರೆಗೆ ಆಕಾಶವನ್ನೆಲ್ಲ ಹಾಯ್ದು ಹೋಗಿತ್ತು. ಇಪ್ಪತ್ತೈದು ವರ್ಷ ಶನಿಗೆ ಒಂದು ಅಡ್ಡಗೆರೆ ಎಳೆದು ‘ಇದು ಬಳೆ, ಬರ್ಕೊಳ್ರಿ’ ಎಂದವನು ನಾನು. ಮಕ್ಕಳಿಗೆ ಎಂಥ ಮೋಸ ಮಾಡಿದೆನಲ್ಲ ಅನಿಸಿತು. ಕಣ್ಣಲ್ಲಿ ನೀರು ಬಂತು, ಪಲ್ಲವಿ ನೋಡಬಾರದೆಂದು ಕನ್ನಡಕ ಒರೆಸಿಕೊಂಡೆ.

ಇನ್ನೊಂದು ಗ್ರಹದಲ್ಲಿ ಇಳಿದ ಕೂಡಲೇ ಟೀವಿ ಕೆಂಪಾಗಿ ಮಿಣುಕಿ ಕೂಗಲು ಶುರುಮಾಡಿತು. ಹೊರಗೆ ವಿಪರೀತ ಬಿಸಿಲು, ಪ್ರಾಣಾಪಾಯ, ಕೂಡಲೇ ನೌಕೆಯೊಳಗೆ ಸೇರಿಕೊಳ್ಳಿ ಎಂದು ಎಚ್ಚರಿಕೆ. ಎಷ್ಟಪ್ಪಾ ಬಿಸಿಲು ಎಂದು ನೋಡಿದರೆ ನಲವತ್ತೈದು ಡಿಗ್ರಿ. ಶಾಂತಾ ಅಡುಗೆಮನೆಯಿಂದ ಇಣುಕಿ ಓದಿದಳು.

“ಇಷ್ಟಕ್ಕ ಸಾಯ್ತಾರಂತೇನು? ಈ ಬಿಸಲಾಗ ನಾ ಈಗ ಕಾಯಿಪಲ್ಯ ತಂದೀನಿ.”

ಆ ಗ್ರಹಕ್ಕೆ ‘ರಾಯಚೂರು’ ಎಂದು ಹೆಸರಿಟ್ಟೆ. ಅಂಥವು ಮುಂದೆ ಬಹಳ ಸಿಕ್ಕವು, ರಾಯಚೂರು ಹನ್ನೊಂದರವರೆಗೆ ಬಂದಿದ್ದೇನೆ.

ಪಲ್ಲವಿಯ ಓದು ಮುಗಿಯಿತು. ಹಳೆಯ ಪೆಟ್ಟಿಗೆಯನ್ನು ನನಗೇ ಬಿಟ್ಟು, ಹೊಸದೊಂದನ್ನು ಕೊಂಡು ದೇವದುರ್ಗಕ್ಕೆ ಹೋದಳು. ಅಲ್ಲಿ ಮದುವೆ ಗೊತ್ತಾಯಿತು, ಹುಡುಗ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರು. ನಮ್ಮಲ್ಲಿ ಮದುಮಗಳ ಹಣೆಗೆ ಬಾಸಿಂಗ ಕಟ್ಟುವುದು ಸೋದರಮಾವ. ಬಾಸಿಂಗ ತರುವವನೂ ಅವನೇ. ಮಿಕ್ಕ ಯಾವ ಕೆಲಸಕ್ಕೂ ಅವನನ್ನು ಯಾರೂ ಕೇಳುವುದಿಲ್ಲ, ಇದೊಂದಕ್ಕೆ ಮಾತ್ರ ಅವನು ಬೇಕೇ ಬೇಕು. ರಾಯಚೂರಿನ ಬಜಾರಿನಲ್ಲಿ ಮೂರು ಅಂಗಡಿ ತಿರುಗಿ, ಮುತ್ತು ಹಚ್ಚಿದ ಚೆಂದದ ಬಾಸಿಂಗ ತಂದು, ಮುರಿಯಬಾರದೆಂದು ಅಲಮಾರಿನ ಮೇಲೆ ಇಟ್ಟೆ. ಮದುವೆಯ ಹಿಂದಿನ ದಿನ ಶಾಂತಾ, ನಾನು ಇಬ್ಬರೂ ದೇವದುರ್ಗಕ್ಕೆ ಹೋದೆವು. ಬಾಸಿಂಗ ಅಲಮಾರಿನ ಮೇಲೆಯೇ ಉಳಿಯಿತು.

“ಇರಲಿ ಬಿಡು, ಮುಂಜಾನಿ ಮೊದಲನೇ ಬಸ್ಸಿಗಿ ಹೋಗಿ ತಂದುಬಿಡು,” ಎಂದಳು ಅಕ್ಕ. ಅವತ್ತು ಬೈಯಲೂ ಇಲ್ಲ. “ಹನ್ನೊಂದಕ್ಕ ಅಕ್ಕಿಕಾಳಿನ ಮುಹೂರ್ತ. ಹತ್ತೂವರಿಗಿ ನೀ ಇಲ್ಲಿರಬೇಕು ನೋಡಲೇ ಅಮರ್ಯಾ.”

ನನ್ನ ಹೆಸರು ಅಮರೇಶ. ಈ ಭೂಮಿಯ ಮೇಲೆ ಅಮರ್ಯಾ ಎನ್ನುವವಳು ಅಕ್ಕ ಒಬ್ಬಳೇ ಉಳಿದಿದ್ದಾಳೆ.

ಮೊದಲ ಬಸ್ಸಿಗೆ ರಾಯಚೂರಿಗೆ ಬಂದೆ. ಎಂಟು ಗಂಟೆಗೆ ಮನೆಯಲ್ಲಿದ್ದೆ, ಬಾಸಿಂಗ ಕೈಯಲ್ಲಿತ್ತು. ಎಂಟೂವರೆಗೆ ಬಸ್ಸು. ಮನೆಯಲ್ಲಿ ಯಾರೂ ಇಲ್ಲ. ಎರಡು ದಿನದ ಹಿಂದೆ ಒಂದು ನೀಲಿ ಗ್ರಹದ ಹತ್ತಿರ ನೌಕೆ ನಿಲ್ಲಿಸಿ ಬಿಟ್ಟಿದ್ದೆ. ಸುಮ್ಮನೆ ಒಂದು ಸಲ ನೋಡೋಣ, ಅದು ಇದೆಯೋ ಇಲ್ಲವೋ ಅನ್ನಿಸಿತು. ಟೀವಿ ಹಚ್ಚಿದೆ. ಇತ್ತು. ಇಳಿಯುವುದು ಬೇಡ, ಹತ್ತಿರ ಹೋಗಿ ಬರೋಣ ಎಂದುಕೊಂಡೆ. ಹತ್ತಿರ ಹೋದವನು ಇಳಿಯತೊಡಗಿದೆ. ಎಡಕ್ಕೆ ಸುತ್ತು, ಮತ್ತೆ ಎಡಕ್ಕೆ ಸುತ್ತು. ಕೆಳಗೆ ಕಡಲು, ಕಡಲಿನಲ್ಲಿ ಚಿಕ್ಕ ಚಿಕ್ಕ ನಡುಗಡ್ಡೆ, ಒಂದೊಂದರ ಮೇಲೂ ಮರ. ಮೊಣಕಾಲ ಮೇಲೆ ಬಾಸಿಂಗ. ಈಗ ಕೈಬಿಟ್ಟರೆ ಕಡಲಿಗೆ ಬೀಳುತ್ತದೆ, ಇಳಿಸಿಯೇ ಏಳೋಣ, ಇನ್ನೊಂದೇ ಸುತ್ತು. ನೌಕೆ ನೆಲ ಮುಟ್ಟಿದಾಗ ಗಡಿಯಾರ ಒಂಬತ್ತೂ ಕಾಲು ತೋರಿಸುತ್ತಿತ್ತು. ಓಡಿ ಬಸ್‌ಸ್ಟ್ಯಾಂಡಿಗೆ ಹೋದರೆ ಒಂಬತ್ತರ ಬಸ್ಸೂ ಹೋಗಿತ್ತು.

ದೇವದುರ್ಗದ ಕಲ್ಯಾಣ ಮಂಟಪಕ್ಕೆ ಕಾಲಿಟ್ಟಾಗ ಜನ ಊಟಕ್ಕೆ ಏಳುತ್ತಿದ್ದರು. ಮುಹೂರ್ತ ಯಾರಿಗೂ ಕಾಯುವುದಿಲ್ಲ. ಅಲ್ಲೇ ಹತ್ತಿರದ ಅಂಗಡಿಯಿಂದ ಒಂದು ಬಾಸಿಂಗ ತರಿಸಿ, ನಮ್ಮ ಚಿಕ್ಕಪ್ಪನ ಮಗನ ಕೈಯಿಂದ ಕಟ್ಟಿಸಿದ್ದರು. ಅಕ್ಕ ಬಾಗಿಲಲ್ಲಿಯೇ ಸಿಕ್ಕಳು. ರೇಷ್ಮೆ ಸೀರೆ, ಬೆವರಿಗೆ ಹರಡಿದ ಕುಂಕುಮ. ಸಿಟ್ಟಿರಲಿಲ್ಲ ಮುಖದಲ್ಲಿ.

“ಯಾಕಲೇ, ಏನಾತು?”

“ಗಬ್ಬೂರ ದಾಟಿದ ಮ್ಯಾಲ ಬಸ್ ಕೆಟ್ಟು ನಿಂತಬಿಡ್ತಕ್ಕ,” ಎಂದೆ.

ಅಕ್ಕ “ಹೌದೇನು?” ಎಂದಳು. ನನ್ನ ಕೈಯಿಂದ ಬಾಸಿಂಗ ತೆಗೆದುಕೊಂಡು, ಅಲ್ಲಿದ್ದ ತಾಟಿನಲ್ಲಿಟ್ಟು ಒಳಗೆ ಹೋದಳು. ಅದೇ ಅವಳು ನನ್ನ ಜೊತೆ ಆಡಿದ ಕೊನೆಯ ಮಾತು.

ಯಾಕೆಂದು ನನಗೆ ತಿಳಿದದ್ದು ತಿಂಗಳ ಮೇಲೆ, ಪಲ್ಲವಿ ಗಂಡನ ಜೊತೆ ನಮ್ಮ ಮನೆಗೆ ಊಟಕ್ಕೆ ಬಂದಾಗ. ಗಂಡ ಕೈತೊಳೆಯಲು ಎದ್ದಾಗ ಮೆಲ್ಲಗೆ ಹೇಳಿದಳು.

“ಮಾವ, ಅವತ್ತು ನನ್ನ ಕೈತುಂಬ ಮೆಹಂದಿ ಇತ್ತಂತ ಫೋನು ಅವ್ವನ ಕೈಯಾಗ ಕೊಟ್ಟಿದ್ದೆ. ನಿಮಗ ಹಚ್ಚಾಕಂತ ನೋಡ್ತಾಳ, ಅದರಾಗ ನಿಮ್ಮ ಹೆಸರು ಬಂದದ. ಅಮರೇಶ ಮಾವ ಈಗ ಆಟದಾಗ ಅದಾರಂತ.”

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಅದು ಹಂಗ ತೋರಸ್ತದೇನು?”

“ತೋರಸ್ತದ ಮಾವ. ಇದೇನಂತ ಅವ್ವ ಕೇಳಿದಳು, ನಾ ಹೇಳಿಬಿಟ್ಟೆ. ನೀವು ಬಸ್ಸಂತ ಹೇಳ್ತೀರಂತ ನನಗೇನು ಗೊತ್ತಿತ್ತು?”

“ಬಾಳ ಸಿಟ್ಟಾಗ್ಯಾಳೇನು?”

“ತಡಾ ಆಗಿದ್ದಕ್ಕ ಅಲ್ಲ. ಆಟ ಆಡಾಕತ್ತಿದ್ದೆ ಅಕ್ಕ ಅಂದಿದ್ರ ನಾಕು ಮಂದ್ಯಾಗ ಬೈದು, ಉಣ್ಣಾಕ ನೀಡ್ತಿದ್ದಳು. ನನ್ನ ಮುಂದ ಸುಳ್ಳು ಹೇಳಿದ ಅಂತಾಳ.”

ಇದು ತಿಳಿದ ಮರುದಿನವೇ ನಾನು ದೇವದುರ್ಗಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ನಾಚಿಕೆ ಒಂದು ದಿನದ್ದಿದ್ದಾಗ ಸಣ್ಣದಿರುತ್ತದೆ, ಇಟ್ಟಷ್ಟು ದಿನ ಬೆಳೆಯುತ್ತದೆ. ಭಾನುವಾರ ಹೋಗೋಣ, ರಜೆಯಲ್ಲಿ ಹೋಗೋಣ ಎಂದು ದೂಡಿದೆ. ಅಕ್ಕನಿಗೂ ನನಗೂ ಮಾತು ಬಿಟ್ಟಿತು ಎಂಬುದು ನೆಂಟರಲ್ಲೆಲ್ಲ ಸುದ್ದಿಯಾಯಿತು.

ನಮ್ಮ ಕಡೆ ಮಾತು ಬಿಡುವುದೆಂದರೆ ಸುಮ್ಮನಿರುವುದು ಎಂದು ನೀವು ತಿಳಿದಿದ್ದರೆ ತಪ್ಪು. ಮಾತು ಮೊದಲಿಗಿಂತ ಹೆಚ್ಚಾಗುತ್ತದೆ, ಗೋಡೆಗೆ ಹೇಳಬೇಕು ಅಷ್ಟೇ. ಶ್ರಾವಣದಲ್ಲಿ ಅಕ್ಕ ಶಾಂತಾಳನ್ನು ನೋಡಲೆಂದು ಬಂದಳು. ನಾನು ಊಟಕ್ಕೆ ಕೂತಿದ್ದೆ. ಅಕ್ಕ ಫ್ರಿಜ್ಜಿನ ಕಡೆ ಮುಖ ಮಾಡಿ, “ಸಾರು ಆರಾಕತ್ತದ. ಉಣ್ಣೋರು ಜಲ್ದಿ ಉಣಬೇಕು,” ಎಂದಳು. ನಾನು ಕ್ಯಾಲೆಂಡರಿಗೆ, “ಸಾರು ಬಾಳ ಚಲೋ ಆಗ್ಯಾದ,” ಎಂದೆ. ಅಕ್ಕ ಫ್ರಿಜ್ಜಿಗೆ, “ಹೊಗಳಿಕಿ ಯಾರಿಗಿ ಬೇಕಾಗ್ಯಾದ?” ಎಂದಳು. ಶಾಂತಾ ನಡುವೆ ಕೂತು, ಒಮ್ಮೆ ಫ್ರಿಜ್ಜನ್ನೂ ಒಮ್ಮೆ ಕ್ಯಾಲೆಂಡರನ್ನೂ ನೋಡುತ್ತಿದ್ದಳು. ನಕ್ಕೆವು ನಿಜ, ಅಕ್ಕ ಬಸ್ಸು ಹತ್ತಿ ಹೋದ ಮೇಲೆ ಮಾತ್ರ ಮನೆ ಬಿಕೋ ಎಂದಿತು.

ಆ ವರ್ಷದ ದಸರೆಗೆ ನಾನು ಅಕ್ಕನ ಮನೆಗೆ ಹೋಗಲಿಲ್ಲ. ಉತ್ತರಪತ್ರಿಕೆ ತಿದ್ದುವುದಿದೆ ಎಂದೆ. ಇದೂ ಸುಳ್ಳೇ.

ಹಾಗೇ ಮತ್ತೆ ಮಳೆಗಾಲ ಬಂತು. ಒಂದು ಭಾನುವಾರ ಮಧ್ಯಾಹ್ನ, ಪಲ್ಲವಿ ಆಟದಲ್ಲಿ ಎಲ್ಲಿ ಮನೆ ಕಟ್ಟಿದ್ದಾಳೆ ನೋಡೋಣವೆಂದು ಅವಳ ನಕ್ಷತ್ರದ ಕಡೆ ಹೋದೆ. ಮದುವೆಯಾದ ಮೇಲೂ ಅವಳು ಶಕ್ತಿನಗರದಿಂದ ಗಂಡನ ಕಂಪ್ಯೂಟರಿನಲ್ಲಿ ಆಡುತ್ತಿದ್ದಳು. ಅಲ್ಲೊಂದು ಬೂದುಬಣ್ಣದ ಗ್ರಹಕ್ಕೆ ‘ಶಕ್ತಿನಗರ’ ಎಂದೇ ಹೆಸರಿಟ್ಟಿದ್ದಳು, ಗಾಳಿಗೆ ಬೂದಿ ಹಾರುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಗ್ರಹ. ಕಪ್ಪು ನೆಲ, ಉರುಟಾದ ಗುಡ್ಡ. ಹತ್ತಿರ ಹೋಗುತ್ತಲೇ ಹೆಸರು ಮೂಡಿತು: ಬೋಡಿ.

ಬೋಡಿ ಎಂದರೆ ಮಲ್ಲಟದಲ್ಲಿ ನಮ್ಮ ಮನೆಯಲ್ಲಿದ್ದ ಕೋಡಿಲ್ಲದ ಎಮ್ಮೆ. ನಾನು ಹತ್ತು ವರ್ಷದವನಿದ್ದಾಗ ಸತ್ತುಹೋಯಿತು. ಅಪ್ಪ ಅವ್ವ ಇಲ್ಲದ ಮೇಲೆ ಅದರ ಹೆಸರು ಬಲ್ಲವರು ಜಗತ್ತಿನಲ್ಲಿ ಇಬ್ಬರೇ. ಕೆಳಗೆ ನೋಡಿದೆ. ‘ಇಲ್ಲಿಗೆ ಮೊದಲು ಬಂದವರು: ನೀಲಮ್ಮ’.

ಪಲ್ಲವಿಗೆ ಫೋನು ಹಚ್ಚಿದೆ.

“ಏ ಪಲ್ಲವಿ, ಆಟದಾಗ ನೀಲಮ್ಮ ಅಂತ ಯಾರೋ ಅದಾರಲ್ಲ, ಯಾರವರು?”

“ನಿಮಗ ಎಷ್ಟು ಮಂದಿ ನೀಲಮ್ಮ ಗೊತ್ತದಾರ ಮಾವ?” ಎಂದು ನಕ್ಕಳು. “ನನ್ನ ಪೆಟಗಿ ಅಲ್ಲೇ ಬಿಟ್ಟು ಬಂದಿದ್ದೆನಲ್ಲ. ಬ್ಯಾಸರಾಗ್ತದ, ಅದನ್ನರೆ ಕಲಸಿಕೊಡು ಅಂದಳು. ಮಧ್ಯಾಹ್ನ ಅಪ್ಪ ಮಿಲ್ಲಿಗಿ ಹೋದ್ರ ಸಾಕು, ಕುಂತಬಿಡ್ತಾಳ. ಈಗ ನನಗಿಂತ ಛಂದ ಇಳಸ್ತಾಳ. ಇಳಿಯೂಕಿಂತ ಮೊದಲು ಯಾರದ್ರೀ ಹೊಲ ಅಂತ ಕೇಳ್ತಾಳ ನೋಡ್ರಿ, ಯಾಕಂತೀನಿ ನಾನು.”

ಯಾಕೆಂದು ನಾನು ಹೇಳಲಿಲ್ಲ.

ಆಮೇಲೆ ನನಗೆ ಅದೇ ಕೆಲಸವಾಯಿತು, ಅಕ್ಕ ಹೋದ ದಾರಿ ಹಿಡಿದು ಅವಳಿಟ್ಟ ಹೆಸರು ಓದುವುದು. ಸದಾ ಧೂಳಿನ ಬಿರುಗಾಳಿ ಏಳುವ ಗ್ರಹ ‘ಹಿಟ್ಟಿನ ಗಿರಣಿ’. ಹಸಿರು ಬಣ್ಣದ ವಿಷದ ಮಳೆ ಸುರಿಯುವ ಗ್ರಹ ‘ಅತ್ತಿಮನಿ’. ಕಣ್ಣು ಹಾಯಿಸಿದತ್ತ ಬಿಳಿಯ ಹರಳು ಹರಡಿದ್ದು ‘ಸೋನಾಮಸೂರಿ’. ನಾನು ಹನ್ನೊಂದು ರಾಯಚೂರು ಮಾಡಿ ಕೂತಿದ್ದೆ, ಇವಳು ಒಂದೊಂದನ್ನೂ ಕಣ್ಣಿಟ್ಟು ನೋಡಿ ಹೆಸರಿಟ್ಟಿದ್ದಳು. ವಿಜ್ಞಾನದ ಮೇಷ್ಟ್ರು ನಾನು, ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ಅವಳು.

ದಸರೆಗೆ ನಾಲ್ಕು ದಿನ ಇದ್ದಾಗ ಒಂದು ಸಣ್ಣ ಗ್ರಹ ಸಿಕ್ಕಿತು. ದೂರದಲ್ಲಿ ಒಂಟಿಯಾಗಿತ್ತು. ಹೆಸರು ನೋಡಿದೆ. ಅಮರ್ಯಾ.

ಎಡಕ್ಕೆ ಸುತ್ತಿ ಸುತ್ತಿ ಹೇಗೋ ಇಳಿದೆ. ಇಳಿದರೆ ಕಗ್ಗತ್ತಲು. ಬೆಳಗಾಗಲಿ ಎಂದು ಕಾದೆ. ಉಳಿದ ಗ್ರಹಗಳಲ್ಲಿ ಚಹಾ ಕುಡಿಯುವಷ್ಟರಲ್ಲಿ ಸೂರ್ಯ ಹುಟ್ಟುತ್ತಾನೆ. ಇಲ್ಲಿ ಚಹಾ ಕುಡಿದೆ, ಪೇಪರು ಓದಿದೆ, ಶಾಂತಾ ಹೇಳಿದಳೆಂದು ಬೆಳ್ಳುಳ್ಳಿ ಸುಲಿದುಕೊಟ್ಟೆ. ಆಗಲೂ ಕತ್ತಲೇ. ಗ್ರಹದ ವಿವರ ತೆಗೆದು ನೋಡಿದೆ. ಬಹಳ ನಿಧಾನ ತಿರುಗುವ ಗ್ರಹ, ಇಲ್ಲಿ ಬೆಳಗಾಗುವುದು ಬಹಳ ತಡ. ಅಕ್ಕ ಹುಡುಕಿ ಹುಡುಕಿ ತಕ್ಕ ಹೆಸರನ್ನೇ ಇಟ್ಟಿದ್ದಳು. ಒಬ್ಬನೇ ಕೂತು ನಕ್ಕೆ.

ನಗುತ್ತಿದ್ದಾಗಲೇ ದೂರದಲ್ಲಿ ಒಂದು ದೀಪ ಕಂಡಿತು. ನಡೆದುಕೊಂಡು ಹೋದೆ. ಎರಡು ಕೋಣೆಯ ಕಲ್ಲಿನ ಮನೆ, ಮಟ್ಟಸ ಮಾಳಿಗೆ. ಬಾಗಿಲ ಎರಡೂ ಬದಿಗೆ ಕಟ್ಟೆ, ಥೇಟ್ ಮಲ್ಲಟದ ನಮ್ಮ ಮನೆ. ಒಳಗೆ ಏನೂ ಇರಲಿಲ್ಲ. ಪಲ್ಲವಿಗೆ ಮತ್ತೆ ಫೋನು ಮಾಡಿ, “ಈ ದಸರಿಗಿ ನಾ ದೇವದುರ್ಗಕ್ಕ ಬರ್ತೀನಂತ ಅವ್ವಗ ಹೇಳು,” ಎಂದೆ.